ಪ್ಲಾಸ್ಟಿಕ್‌ಗೂ ಬೇಸಾಯಕ್ಕೂ ಏನು ನಂಟು? ಚನ್ನಪಟ್ಟಣದ ಅರಗು, ರಾಗಿ ಹೊಲದ ಹರಳು ಮತ್ತು ವಿಷ ಬೇಡದ ಕಾರ್ಖಾನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಯಾವುದಾದರೂ ತೋಟದಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ಬೋರ್‌ವೆಲ್ ಪೈಪು, ಹನಿ ನೀರಾವರಿಯ ಲ್ಯಾಟರಲ್ಲು, ಟೊಮೆಟೊ ಸಾಲಿನ ಮೇಲೆ ಮಲ್ಚಿಂಗ್ ಶೀಟು, ರೇಷ್ಮೆ ಮನೆಯಲ್ಲಿ ಪ್ಲಾಸ್ಟಿಕ್ ಚಂದ್ರಿಕೆ, ಮಾವಿನಕಾಯಿ ತುಂಬುವ ಕ್ರೇಟು, ಔಷಧಿ ಡಬ್ಬಿ. ಪ್ಲಾಸ್ಟಿಕ್ ಬೇಡ ಅಂತ ಭಾಷಣ ಮಾಡೋದು ಸುಲಭ, ಅದಿಲ್ಲದೆ ಈಗ ಒಂದು ಎಕರೆ ಬೇಸಾಯ ಮಾಡೋದು ಕಷ್ಟ. ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಅದು ತಯಾರಾಗುವಾಗ ಏನೇನು ವಿಷ ಬಳಕೆಯಾಗುತ್ತದೆ, ಆ ವಿಷ ಇಲ್ಲದೆಯೂ ಮಾಡಬಹುದಾ ಅನ್ನೋದರ ಬಗ್ಗೆ ಮಾತು ಕಡಿಮೆ. ಈ ವಾರ ಅದನ್ನೇ ನೋಡೋಣ. ನಮ್ಮ ಹೊಲದ ಬದುವಿಗೂ ಈ ವಿಷಯಕ್ಕೂ ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರದ ಸಂಬಂಧ ಇದೆ.

ವಿಷ ಎಲ್ಲಿ ಬರುತ್ತದೆ?

ಪ್ಲಾಸ್ಟಿಕ್ ಅಂದರೆ ಮಣಿಸರ ಇದ್ದ ಹಾಗೆ. ಒಂದೊಂದು ಮಣಿಯೂ ಒಂದು ಸಣ್ಣ ರಾಸಾಯನಿಕ ಕಣ. ಸಾವಿರಾರು ಮಣಿ ಪೋಣಿಸಿದರೆ ಗಟ್ಟಿ ವಸ್ತು. ಅಪಾಯ ಮೂರು ಕಡೆ ಬರಬಹುದು. ಮಣಿಯೇ ವಿಷವಾಗಿರಬಹುದು. ಪೋಣಿಸುವಾಗ ಬಳಸುವ ದ್ರಾವಕ, ವೇಗವರ್ಧಕ ವಿಷವಾಗಿರಬಹುದು. ಅಥವಾ ಸರ ಆದಮೇಲೆ ಮೆತ್ತಗಾಗಲಿ, ಬಿಸಿಲಿಗೆ ಹಾಳಾಗದಿರಲಿ, ಬಣ್ಣ ಬರಲಿ ಅಂತ ಸೇರಿಸುವ ವಸ್ತುವಿನಲ್ಲಿ ವಿಷ ಇರಬಹುದು.

ಪಿವಿಸಿ ಪೈಪನ್ನೇ ತಗೊಳ್ಳಿ. ಅದರ ಮಣಿ ವಿನೈಲ್ ಕ್ಲೋರೈಡ್ ಎಂಬ ಅನಿಲ, ಕ್ಯಾನ್ಸರ್ ತರುವಂಥದ್ದು. ಪೈಪಾದ ಮೇಲೆ ಅದು ನಿರುಪದ್ರವಿ ಸರಪಳಿ, ಆದರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಅಪಾಯ. ಚೀನಾದಲ್ಲಿ ಕಲ್ಲಿದ್ದಲಿನಿಂದ ಪಿವಿಸಿ ಮಾಡುವ ಕಾರ್ಖಾನೆಗಳು ಅದಕ್ಕೆ ಪಾದರಸದ ವೇಗವರ್ಧಕ ಬಳಸುತ್ತಾ ಬಂದಿವೆ. ಅದರ ಬದಲು ಅತಿ ಕಡಿಮೆ ಪ್ರಮಾಣದ ಚಿನ್ನ ಬಳಸಬಹುದು ಎಂದು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಗ್ರಹಾಂ ಹಚಿಂಗ್ಸ್ ತೋರಿಸಿಕೊಟ್ಟರು. ಪಾದರಸಕ್ಕಿಂತ ಚಿನ್ನ ಲಾಭ ಅನ್ನೋ ಕಾಲವೂ ಬಂತು ನೋಡಿ.

ಇನ್ನೊಂದು ಹೆಸರು ಫಾಸ್ಜೀನ್. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಇದು. ಇವತ್ತಿಗೂ ಹಾಸಿಗೆಯ ಫೋಮು, ಪಾಲಿಹೌಸಿನ ಪಾಲಿಕಾರ್ಬೊನೇಟ್ ಶೀಟು ಇವುಗಳ ಹಿಂದೆ ಬಹುಪಾಲು ಫಾಸ್ಜೀನ್ ಇರ್ತದೆ. ನಮಗೆ ಗೊತ್ತಿರುವ ಇನ್ನೊಂದು ನಂಟೂ ಇದೆ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗು ಹರಿಯುವಷ್ಟರಲ್ಲಿ ಭೋಪಾಲ್‌ನಲ್ಲಿ ಸಾವಿರಾರು ಜನ ಸತ್ತರಲ್ಲ, ಅಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಅನ್ನು ತಯಾರಿಸುವುದೇ ಫಾಸ್ಜೀನ್‌ನಿಂದ. ಅದನ್ನು ಬಳಸಿ ಮಾಡುತ್ತಿದ್ದದ್ದು ಸೆವಿನ್, ಅಂದರೆ ನಮ್ಮ ರೈತರು ಹೊಡೆಯುತ್ತಿದ್ದ ಕಾರ್ಬಾರಿಲ್ ಕೀಟನಾಶಕ. ಫೋಮ್ ಮಾಡುವ ಐಸೊಸಯನೇಟ್‌ಗಳು ಅದೇ ಕುಟುಂಬದವು, ಅಷ್ಟು ಬೇಗ ಆವಿಯಾಗುವುದಿಲ್ಲ ಅಷ್ಟೇ.

1998ರಲ್ಲಿ ಅಮೆರಿಕದ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಎಂಬ ರಸಾಯನ ವಿಜ್ಞಾನಿಗಳು ‘ಹಸಿರು ರಸಾಯನಶಾಸ್ತ್ರ’ಕ್ಕೆ 12 ಸೂತ್ರ ಬರೆದರು. ಅದರ ಸಾರ ರೈತನಿಗೆ ಹೊಸದೇನಲ್ಲ. ಕಸ ಹುಟ್ಟಿಸಿ ಆಮೇಲೆ ಬಳಿಯೋದಕ್ಕಿಂತ ಹುಟ್ಟಿಸದಿರುವುದೇ ಮೇಲು, ವಿಷವನ್ನು ಜೋಪಾನವಾಗಿ ಇಟ್ಟುಕೊಳ್ಳೋದಕ್ಕಿಂತ ವಿಷವೇ ಬೇಡದ ದಾರಿ ಹುಡುಕು. ರೋಗ ಬಂದಮೇಲೆ ಔಷಧಿ ಹೊಡೆಯೋ ಬದಲು ರೋಗ ಬಾರದ ತಳಿ ಹಾಕ್ತೀವಲ್ಲ, ಹಾಗೆ.

ಹುಳು ಮಾಡುವ ಪ್ಲಾಸ್ಟಿಕ್

ಈಗ ಚನ್ನಪಟ್ಟಣಕ್ಕೆ ಬನ್ನಿ. ಮೈಸೂರು ರಸ್ತೆಯಲ್ಲಿ ಹೋಗುವಾಗ ಕಾಣುವ ಗೊಂಬೆ ಅಂಗಡಿಗಳನ್ನು ನಾವು ಕರಕುಶಲ ಕಲೆ ಅಂತ ನೋಡಿ ಮುಂದೆ ಹೋಗ್ತೀವಿ. ರಸಾಯನಶಾಸ್ತ್ರದ ಕಣ್ಣಲ್ಲಿ ನೋಡಿದರೆ ಅದು ದ್ರಾವಕವಿಲ್ಲದ, ಹೊಗೆಯಿಲ್ಲದ ಒಂದು ಪ್ಲಾಸ್ಟಿಕ್ ಉದ್ಯಮ.

ಗೊಂಬೆಯ ಮೇಲಿನ ಹೊಳಪು ಪೇಂಟಲ್ಲ, ಅರಗು. ಅರಗು ಕೀಟ ಎಂಬ ಸಣ್ಣ ಹುಳು ಮರದ ಎಳೆ ಕೊಂಬೆಯ ರಸ ಹೀರಿ, ತನ್ನ ಮೈಸುತ್ತ ಸುರಿಸಿಕೊಳ್ಳುವ ರಾಳ ಅದು. ಮುತ್ತುಗ, ಬೋರೆ, ಕುಸುಮ್ ಮರಗಳು ಇದಕ್ಕೆ ಆಶ್ರಯ. ಹಳೇ ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಅರಗು ಬೆಳೆಯುತ್ತಿತ್ತು. ಅರಗಿನ ಒಂದು ಮುಖ್ಯ ಅಂಶಕ್ಕೆ ರಸಾಯನ ಪುಸ್ತಕಗಳಲ್ಲಿ ‘ಜಾಲಾರಿಕ್ ಆಮ್ಲ’ ಅಂತಲೇ ಹೆಸರು, ನಮ್ಮ ಗುಡ್ಡದ ಮರವೇ ಕಿವಿಗೆ ಬಿದ್ದ ಹಾಗಾಗುತ್ತದೆ. ಒಳಗೆ ನೋಡಿದರೆ ಅರಗು ಒಂದು ಪಾಲಿಯೆಸ್ಟರ್. ಬಟ್ಟೆಯ ಪಾಲಿಯೆಸ್ಟರ್‌ಗೆ ಇರುವಂಥದ್ದೇ ಕೊಂಡಿ ಇದಕ್ಕೂ ಇದೆ, ಮಣಿಗಳು ಮಾತ್ರ ಬೇರೆ.

ಚನ್ನಪಟ್ಟಣದ ಕುಶಲಕರ್ಮಿ ಏನು ಮಾಡ್ತಾನೆ ಗಮನಿಸಿ. ಆಲೆ ಮರದ ತುಂಡನ್ನು ಲೇತ್‌ಗೆ ಕಟ್ಟಿ ತಿರುಗಿಸ್ತಾನೆ. ಉಳಿಯಿಂದ ಆಕಾರ ತಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡೀತಾನೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಗು 65-70 ಡಿಗ್ರಿಗೇ ಮೆತ್ತಗಾಗುತ್ತದೆ, ಹಾಗಾಗಿ ಬೆಂಕಿ ಬೇಡ. ಆಮೇಲೆ ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಸಮವಾಗಿ ಹರಡಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಪೇಂಟ್ ಅಂಗಡಿಯ ಥಿನ್ನರ್ ಇಲ್ಲ, ತೊಳೆದು ಚರಂಡಿಗೆ ಬಿಡುವ ನೀರಿಲ್ಲ. ಉಳಿದ ಅರಗಿನ ಚೂರನ್ನು ಮತ್ತೆ ಕರಗಿಸಿ ಕಡ್ಡಿ ಮಾಡಬಹುದು. ಹಸಿರು ಕಾರ್ಖಾನೆ ಹೇಗಿರಬೇಕು ಅಂತ ದೊಡ್ಡ ಕಂಪನಿಗಳು ಪಟ್ಟಿ ಮಾಡುವುದರಲ್ಲಿ ಅರ್ಧಕ್ಕರ್ಧ ಇಲ್ಲೇ ಇದೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅರಗು ನಿರುಪದ್ರವಿ, ಮಾತ್ರೆಗಳ ಮೇಲೂ ಹಣ್ಣಿನ ಮೇಲೂ ಲೇಪಿಸುವಂಥದ್ದು. ಅಪಾಯ ಬಂದರೆ ಅದರೊಳಗಿನ ಬಣ್ಣದಿಂದ. ಕೆಲವು ಕೃತಕ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಇರ್ತವೆ, ಮಗು ಗೊಂಬೆಯನ್ನು ಬಾಯಿಗೇ ಹಾಕೋದು. ಆದ್ದರಿಂದಲೇ ಅರಿಶಿನದ ಹಳದಿ, ನೀಲಿ ಗಿಡದ ನೀಲಿ, ಕಾಚಿನ ಕಂದು ಅಂತ ಗಿಡದ ಬಣ್ಣಗಳ ಕಡೆ ಚನ್ನಪಟ್ಟಣದ ಹಲವರು ತಿರುಗಿದರು. ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ ಮಾಡಿದ ಕೇಂದ್ರದ ಆದೇಶ 2021ರ ಜನವರಿಯಿಂದ ಜಾರಿಗೆ ಬಂತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಇದೆ. ವಿನಾಯಿತಿ ಇದೆ ಅಂತ ಬಣ್ಣದ ವಿಚಾರದಲ್ಲಿ ಸಡಿಲ ಆಗೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಕೊಳ್ಳುವಾಗ ‘ಇದು ಯಾವ ಬಣ್ಣ?’ ಅಂತ ಕೇಳಿ. ಕೇಳುವವರಿದ್ದರೆ ಮಾಡುವವರೂ ಇರ್ತಾರೆ.

ಇಷ್ಟು ಒಳ್ಳೆ ವಸ್ತು ಯಾಕೆ ಮೂಲೆಗೆ ಸರಿಯಿತು? ಒಂದು ಕಾಲದಲ್ಲಿ ಗ್ರಾಮಫೋನ್ ತಟ್ಟೆ, ವಿದ್ಯುತ್ ತಂತಿಯ ನಿರೋಧಕ ಎಲ್ಲಕ್ಕೂ ಅರಗೇ ಬೇಕಿತ್ತು. ಬೇಡಿಕೆಗೆ ತಕ್ಕಷ್ಟು ಹುಳು ಕೊಡಲಿಲ್ಲ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬಾತ ಅರಗಿಗೆ ಬದಲಿ ಹುಡುಕುತ್ತಾ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ಮಾಡಿದ. ಜಗತ್ತಿನ ಮೊದಲ ಪೂರ್ತಿ ಕೃತಕ ಪ್ಲಾಸ್ಟಿಕ್ ಅದು. ಅಂದರೆ ಪ್ಲಾಸ್ಟಿಕ್ ಯುಗ ಶುರುವಾದದ್ದೇ ಹುಳುವಿನ ಪ್ಲಾಸ್ಟಿಕ್ ಸಾಲದೆ ಹೋದದ್ದರಿಂದ, ಶುರುವಾಗುವಾಗಲೇ ಎರಡು ವಿಷವನ್ನು ಜೊತೆಗೆ ತಂದಿತು. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಕೋಟಿ ಟನ್ ಪ್ಲಾಸ್ಟಿಕ್ ತಯಾರಾಗುತ್ತದೆ. ಭಾರತದ ಅರಗು 20 ಸಾವಿರ ಟನ್ ಆಸುಪಾಸು. ಬಿಸಿ ಕಾಫಿ ಲೋಟ ಇಟ್ಟರೆ ಅರಗು ಮೆತ್ತಗಾಗುತ್ತದೆ, ಸ್ಪಿರಿಟ್ ಬಿದ್ದರೆ ಕರಗುತ್ತದೆ, ಬೆಂಕಿಗಂತೂ ಹೇಳುವುದೇ ಬೇಡ, ದುರ್ಯೋಧನನಿಗೇ ಅದು ಗೊತ್ತಿತ್ತು. ಪೈಪಿಗೂ ಕ್ರೇಟಿಗೂ ಅರಗು ಆಗಲ್ಲ. ಗೊಂಬೆಗೆ, ಬಟ್ಟಲಿಗೆ, ಹಣ್ಣಿನ ಲೇಪನಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲ್ಲ.

ರೈತರಿಗೆ ಇದರಲ್ಲಿ ಏನಿದೆ ಅಂತ ಕೇಳಿದರೆ, ಆಲೆ ಮರ ಇದೆ. ಹಾಲಿನಂಥ ಬಿಳಿ, ನಯವಾದ ಈ ಮರ ಸಾಕಷ್ಟು ಸಿಗದೆ ಗೊಂಬೆ ಮಾಡುವವರು ಬೇರೆ ಮರಗಳಿಗೆ ಹೋಗಿದ್ದಾರೆ. ಇದರ ಎಲೆಯಿಂದ ನೀಲಿ ಬಣ್ಣವನ್ನೂ ತೆಗೆಯಬಹುದು, ಅದು ಬೇರೆ. ಆಲೆ ಮಳೆಯಾಶ್ರಿತ ಬದುವಿನಲ್ಲಿ, ಕಲ್ಲು ಭೂಮಿಯಲ್ಲಿ ಬರುವ ಮರ. ಸಸಿ ನೆಟ್ಟು ಮೂರು ವರ್ಷ ಉಳಿಸಿದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿ ಲೆಕ್ಕದಲ್ಲಿ ಹಣ ಬರುತ್ತದೆ. ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಆಲೆ ಸಸಿ ಆ ವರ್ಷದ ಪಟ್ಟಿಯಲ್ಲಿದೆಯಾ, ಕಡಿಯುವಾಗ ಏನು ಅನುಮತಿ ಬೇಕು ಎಂದು ನೆಡುವ ಮೊದಲೇ ಕೇಳಿಕೊಳ್ಳಿ. ಎಕರೆಗಟ್ಟಲೆ ಹಾಕಲು ನಾನು ಹೇಳಲ್ಲ. ಬದುವಿಗೆ ಸಾಕು.

ರಾಗಿ ಹೊಲದ ಅಕ್ಕಡಿ ಸಾಲಿನಿಂದ ನೈಲಾನ್

ಎರಡನೆಯದು ಹರಳು. ಕನಕಪುರ, ಮಾಗಡಿ ಕಡೆ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೊತೆಗೆ ನಾಲ್ಕು ಹರಳು ಗಿಡ ಹಾಕೋದು ಅಜ್ಜನ ಕಾಲದ ಪದ್ಧತಿ. ತಲೆಗೆ ಎಣ್ಣೆ, ಹಸುವಿನ ಗಾಯಕ್ಕೆ ಎಣ್ಣೆ, ದೀಪಕ್ಕೆ ಎಣ್ಣೆ. ಈ ಎಣ್ಣೆಯಲ್ಲಿ 85ರಿಂದ 90 ಭಾಗ ಒಂದೇ ಒಂದು ಕೊಬ್ಬಿನಾಮ್ಲ, ರಿಸಿನೊಲೆಯಿಕ್ ಆಮ್ಲ. ಬೇರೆ ಯಾವ ಸಾಮಾನ್ಯ ಅಡುಗೆ ಎಣ್ಣೆಯಲ್ಲೂ ಹೀಗಿಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯ ಆಮ್ಲದ ಸರಪಳಿಯಲ್ಲಿ ಹಿಡಿಕೆ ಇಲ್ಲ, ಹರಳಿನದಕ್ಕೆ ನಡುವೆ ಒಂದು ಹಿಡಿಕೆ ಇದೆ ಅಂದುಕೊಳ್ಳಿ. ಅಲ್ಲಿ ಹಿಡಿದು ಬೇಕಾದ ಕಡೆ ಮುರಿಯಬಹುದು, ಬೇಕಾದ್ದನ್ನು ಜೋಡಿಸಬಹುದು. ರಸಾಯನ ಕಾರ್ಖಾನೆಗಳಿಗೆ ಹರಳಿನ ಮೇಲೆ ಪ್ರೀತಿ ಯಾಕೆ ಅಂದರೆ ಇದೇ.

ಈ ಎಣ್ಣೆಯನ್ನು ಹೆಚ್ಚು ಬಿಸಿಗೆ ಮುರಿದು, ಮತ್ತೆ ಕೆಲವು ಹಂತ ದಾಟಿಸಿದರೆ ನೈಲಾನ್-11 ಸಿಗುತ್ತದೆ. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ರಿಲ್ಸಾನ್ ಎಂಬ ಹೆಸರಲ್ಲಿ ಇದು ಮಾರುಕಟ್ಟೆಗೆ ಬಂತು, ಈಗ ಆರ್ಕೆಮಾ ಕಂಪನಿ ತಯಾರಿಸುತ್ತದೆ. ಕಾರಿನ ಪೆಟ್ರೋಲ್ ಪೈಪು, ಲಾರಿಯ ಏರ್ ಬ್ರೇಕ್ ಪೈಪುಗಳಲ್ಲಿ ಇರೋದು ಇಂಥ ನೈಲಾನ್. ಇನ್ನೊಂದು ದಾರಿಯಲ್ಲಿ ಸೆಬಾಸಿಕ್ ಆಮ್ಲ ಬರುತ್ತದೆ, ಅದರಿಂದ ಬೇರೆ ನೈಲಾನ್‌ಗಳು. ಎಣ್ಣೆಯನ್ನು ನೇರವಾಗಿ ಬಳಸಿ ಪಾಲಿಯುರೆಥೇನ್ ಫೋಮ್, ಅಂಟು, ಲೇಪನ ಮಾಡಬಹುದು. ಪಿವಿಸಿಯನ್ನು ಮೆತ್ತಗೆ ಮಾಡಲು ಬಳಸುವ ಥ್ಯಾಲೇಟ್‌ಗಳು ಮಕ್ಕಳ ಹಾರ್ಮೋನಿಗೆ ತೊಂದರೆ ಕೊಡುತ್ತವೆ ಎಂಬ ಕಾರಣಕ್ಕೆ ಆಟಿಕೆಗಳಲ್ಲಿ ಅವಕ್ಕೆ ಮಿತಿ ಹಾಕಿದ್ದಾರಲ್ಲ, ಅವುಗಳ ಬದಲಿಗೂ ಹರಳು, ಸೋಯಾ ಎಣ್ಣೆಯ ಉತ್ಪನ್ನಗಳಿವೆ.

ಇಲ್ಲಿ ನಾವು ಮೋಸ ಹೋಗಬಾರದು. ಬೆಳೆ ಹಸಿರು ಅಂದ ಮಾತ್ರಕ್ಕೆ ಕಾರ್ಖಾನೆ ಹಸಿರಾಗಲ್ಲ. ಸೆಬಾಸಿಕ್ ಆಮ್ಲ ಮಾಡುವ ಹಳೇ ವಿಧಾನದಲ್ಲಿ ಎಣ್ಣೆಯನ್ನು ಕಾಸ್ಟಿಕ್ ಸೋಡಾ ಜೊತೆ ಕಾಯಿಸುವಾಗ ತೆಳುವಾಗಲಿ ಅಂತ ಫೀನಾಲ್ ಅಥವಾ ಕ್ರೆಸಾಲ್ ಸೇರಿಸ್ತಾರೆ, ಆ ನೀರು ಹೊರಗೆ ಬಂದರೆ ಕೆರೆ ಸತ್ತ ಹಾಗೆ. ಪಾಲಿಯುರೆಥೇನ್‌ನಲ್ಲಿ ಅರ್ಧ ಭಾಗ ಹರಳೆಣ್ಣೆ ಇದ್ದರೂ ಇನ್ನರ್ಧ ಐಸೊಸಯನೇಟೇ. ‘ಗಿಡದಿಂದ ಬಂದದ್ದು’ ಅನ್ನೋದು ಒಂದು ಪ್ರಶ್ನೆಗೆ ಉತ್ತರ, ‘ವಿಷವಿಲ್ಲದೆ ಆದದ್ದಾ’ ಅನ್ನೋದು ಬೇರೆ ಪ್ರಶ್ನೆ, ‘ಮಣ್ಣಲ್ಲಿ ಕರಗುತ್ತದಾ’ ಅನ್ನೋದು ಮೂರನೆಯದು. ಜಾಹೀರಾತಿನವರು ಮೂರನ್ನೂ ಒಂದೇ ಹಸಿರು ಎಲೆಯ ಚಿತ್ರದಡಿ ಮುಚ್ಚಿಬಿಡ್ತಾರೆ. ನೈಲಾನ್-11 ಹರಳಿನಿಂದಲೇ ಬಂದರೂ ಮಣ್ಣಲ್ಲಿ ಕರಗಲ್ಲ.

ಹರಳು ಹಾಕಿದರೆ ನೈಲಾನ್ ಬೆಲೆ ನಮಗೆ ಸಿಗುತ್ತದಾ? ಸಿಗಲ್ಲ. ಜಗತ್ತಿನ ಹರಳಿನಲ್ಲಿ ಬಹುಪಾಲು ಭಾರತದ್ದು, ಅದರಲ್ಲೂ ಗುಜರಾತಿನದು. ದರ ನಿಲ್ಲುವುದು ಅಲ್ಲಿಯ ಮಂಡಿಗಳಲ್ಲಿ. ಹರಳಿಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ, ರಾಗಿಗೆ ಇದೆ, 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಆದ್ದರಿಂದ ರಾಗಿ ತೆಗೆದು ಹರಳು ಹಾಕಬೇಡಿ, ಅಕ್ಕಡಿಯಾಗಿ ಹಾಕಿ. ಮಳೆ ಕೈಕೊಟ್ಟ ವರ್ಷ ರಾಗಿ ಒಣಗಿದರೂ ಆಳಕ್ಕೆ ಬೇರು ಬಿಡುವ ಹರಳು ನಾಲ್ಕು ಗೊನೆ ಕೊಡುತ್ತದೆ. ಕಡಲೆಕಾಯಿ, ತರಕಾರಿ ಹೊಲದ ಸುತ್ತ ಹಾಕಿದರೆ ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳು ಮೊದಲು ಹರಳಿಗೇ ಬಂದು ಮೊಟ್ಟೆ ಇಡುತ್ತದೆ. ಆ ಎಲೆ ಕಿತ್ತು ನಾಶ ಮಾಡಿದರೆ ಒಂದೆರಡು ಸಿಂಪಡಣೆ ಉಳಿಯಿತು. ಪ್ಲಾಸ್ಟಿಕ್ ಕಥೆಗಿಂತ ಇದೇ ನಮಗೆ ಕೈಗೆ ಸಿಗುವ ಲಾಭ.

ತಳಿಗಳಲ್ಲಿ ಜ್ವಾಲಾ (48-1), ಜ್ಯೋತಿ (ಡಿಸಿಎಸ್-9), ಹೈಬ್ರಿಡ್ ಡಿಸಿಎಚ್-177 ಹೆಸರಾದವು. ಗೊನೆ ಬರುವ ಹೊತ್ತಿಗೆ ಜಡಿಮಳೆ ಹಿಡಿದರೆ ಬೂದು ಬಣ್ಣದ ಬೂಷ್ಟು ರೋಗ ಗೊನೆಯನ್ನೇ ನುಂಗಿಬಿಡುತ್ತದೆ, ನಮ್ಮ ಕಡೆ ಹಿಂಗಾರಿನ ಮಳೆಗೆ ಇದರ ಭಯ ಇದ್ದೇ ಇದೆ. ಅದಕ್ಕೆ ಒತ್ತಾಗಿ ಹಾಕಬೇಡಿ, ಗಾಳಿ ಆಡಲಿ. ನಿಮ್ಮ ಮಣ್ಣಿಗೆ ಯಾವುದು ಸರಿ ಅನ್ನೋದನ್ನು ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಾರುವಾಗ ಒಬ್ಬೊಬ್ಬರೇ ಹತ್ತು ಕೆಜಿ ಹೊತ್ತುಕೊಂಡು ಹೋದರೆ ಅಂಗಡಿಯವನು ಹೇಳಿದ್ದೇ ರೇಟು. ಊರಿನವರು ಅಥವಾ ರೈತ ಉತ್ಪಾದಕ ಕಂಪನಿಯವರು ಸೇರಿ ಚೆನ್ನಾಗಿ ಒಣಗಿಸಿ, ಸಿಪ್ಪೆ ಚೂರು ಇಲ್ಲದೆ ಒಟ್ಟಿಗೆ ಮಾರಿ. ಹಸಿ ಬೀಜ ಮೂಟೆ ಕಟ್ಟಿದರೆ ಎಣ್ಣೆ ಹುಳಿಯಾಗುತ್ತದೆ, ಕಾರ್ಖಾನೆ ಮೊದಲು ನೋಡೋದು ಅದನ್ನೇ. ‘ಬಯೋಪ್ಲಾಸ್ಟಿಕ್ ಬೆಳೆ, ಒಪ್ಪಂದ ಮಾಡಿಕೊಳ್ಳಿ’ ಅಂತ ಯಾರಾದರೂ ಬಂದರೆ ಕೊಳ್ಳುವ ದರ, ದಿನಾಂಕ, ಕೊಳ್ಳದಿದ್ದರೆ ಪರಿಹಾರ ಇಷ್ಟೂ ಬರಹದಲ್ಲಿ ಇಲ್ಲದೆ ಬೀಜಕ್ಕೆ ದುಡ್ಡು ಕೊಡಬೇಡಿ.

ದೊಡ್ಡ ಕಾರ್ಖಾನೆಗಳಲ್ಲಿ ಆಗುತ್ತಿರೋದು

ಫಾಸ್ಜೀನ್ ಇಲ್ಲದೆ ಪಾಲಿಕಾರ್ಬೊನೇಟ್ ಮಾಡುವ ವಿಧಾನವನ್ನು ಜಪಾನಿನ ಅಸಾಹಿ ಕಾಸೆಯ್ ಕಂಪನಿ ಕಂಡುಹಿಡಿಯಿತು. 2002ರಲ್ಲಿ ತೈವಾನಿನ ಕಾರ್ಖಾನೆಯಲ್ಲಿ ಅದು ಶುರುವಾಯಿತು. ಫಾಸ್ಜೀನ್ ಬದಲು ಅಲ್ಲಿ ಇಂಗಾಲದ ಡೈಆಕ್ಸೈಡ್ ಕಚ್ಚಾವಸ್ತು, ಕ್ಲೋರಿನ್ ಇರುವ ದ್ರಾವಕವೂ ಬೇಡ. ಆದರೆ ಬಿಸ್ಫೆನಾಲ್-ಎ ಇನ್ನೂ ಉಳಿದಿದೆ. ಅದನ್ನೂ ಬಿಟ್ಟು, ಪಿಷ್ಟದಿಂದ ಬರುವ ಐಸೊಸಾರ್ಬೈಡ್ ಬಳಸಿ ಮಿತ್ಸುಬಿಷಿ ಕೆಮಿಕಲ್ ಇನ್ನೊಂದು ಪ್ಲಾಸ್ಟಿಕ್ ಮಾಡಿದೆ. ಪಾಲಿಯುರೆಥೇನ್‌ನಲ್ಲಿ ಐಸೊಸಯನೇಟ್ ಬಿಡುವ ಪ್ರಯತ್ನಗಳೂ ನಡೆದಿವೆ. ಗಿಡದೆಣ್ಣೆಗೆ ಇಂಗಾಲದ ಡೈಆಕ್ಸೈಡ್ ಹಿಡಿಸಿ, ಅಮೈನ್ ಜೊತೆ ಕೂಡಿಸೋದು. ಇದು ನಿಧಾನದ ಕ್ರಿಯೆ, ಇನ್ನೂ ಹಾಸಿಗೆ ಅಂಗಡಿಗೆ ಬರುವಷ್ಟು ಬೆಳೆದಿಲ್ಲ.

ಸಕ್ಕರೆಯಿಂದ ಪಿಎಲ್‌ಎ ಅನ್ನೋದು ಇನ್ನೊಂದು. ಮೊಸರು ಹುಳಿಯಾಗುವಾಗ ಬರುವ ಲ್ಯಾಕ್ಟಿಕ್ ಆಮ್ಲವೇ ಇದರ ಮಣಿ. ಅಮೆರಿಕದಲ್ಲಿ ಮುಸುಕಿನ ಜೋಳದಿಂದ ಮಾಡ್ತಾರೆ. ನಮ್ಮಲ್ಲಿ ಉತ್ತರ ಪ್ರದೇಶದ ಬಲರಾಂಪುರ್ ಚೀನಿ ಮಿಲ್ಸ್ ಕಬ್ಬಿನಿಂದ ಮಾಡುವ ಕಾರ್ಖಾನೆಯನ್ನು 2024ರಲ್ಲಿ ಘೋಷಿಸಿತು. ಪಕ್ಕದ ಮಂಡ್ಯದ ಕಬ್ಬು ಬೆಳೆಗಾರರು ಇದರ ಮೇಲೆ ಕಣ್ಣಿಟ್ಟಿರಬೇಕು, ಸಕ್ಕರೆ, ಎಥನಾಲ್ ಬಿಟ್ಟು ಮೂರನೇ ದಾರಿ ತೆರೆದರೆ ಒಳ್ಳೆಯದೇ. ಪಿಎಲ್‌ಎ ಲೋಟವನ್ನು ತಿಪ್ಪೆಗೆ ಹಾಕಿದರೆ ಕರಗುತ್ತದೆ ಅನ್ನೋದು ಮಾತ್ರ ಅರ್ಧ ಸತ್ಯ. ಅದಕ್ಕೆ 60 ಡಿಗ್ರಿ ಹತ್ತಿರದ ಬಿಸಿ ವಾರಗಟ್ಟಲೆ ನಿಲ್ಲುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು.

ಅಂಗಡಿಯಲ್ಲೂ ಹೊಲದಲ್ಲೂ ಏನು ನೋಡಬೇಕು

ಪಿವಿಸಿ ಪೈಪು ಬಿಸಿಗೆ ಕೆಡದಿರಲಿ ಅಂತ ಹಿಂದೆ ಸೀಸ ಸೇರಿಸ್ತಿದ್ದರು. ಅದೇ ನೀರು ಕುಡಿದರೆ ಸೀಸ ಹೊಟ್ಟೆಗೆ. ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಇದನ್ನು ನಿಲ್ಲಿಸಲು ನಿಯಮ ತಂದಿತು. ಈಗ ಕ್ಯಾಲ್ಸಿಯಂ-ಸತು ಬಳಸಿದ ಪೈಪುಗಳಿವೆ. ಮನೆಗೆ ಕುಡಿಯುವ ನೀರು ತರುವ ಪೈಪಾದರೆ ಐಎಸ್ 4985 ಗುರುತು ಇದೆಯಾ, ಸೀಸ ಇಲ್ಲದ್ದಾ ಅಂತ ಕೇಳಿ ತಗೊಳ್ಳಿ, ಹತ್ತು ರೂಪಾಯಿ ಹೆಚ್ಚಾದರೂ ಚಿಂತೆ ಇಲ್ಲ.

ಮಲ್ಚಿಂಗ್ ಶೀಟ್ ಬಗ್ಗೆ ಹೆಚ್ಚು ಜನ ಕೇಳ್ತಾರೆ. ಮಣ್ಣಲ್ಲೇ ಕರಗುವ ಶೀಟು ಇದೆ, ಬಹುತೇಕ ಪಿಬಿಎಟಿ ಎಂಬ ಪ್ಲಾಸ್ಟಿಕ್‌ನದು. ತಮಾಷೆ ಅಂದರೆ ಪಿಬಿಎಟಿ ಹೆಚ್ಚಿನಂಶ ಪೆಟ್ರೋಲಿಯಂನಿಂದಲೇ ಬರೋದು, ಆದರೂ ಸೂಕ್ಷ್ಮಾಣುಗಳು ಅದನ್ನು ತಿನ್ನುತ್ತವೆ. ಯುರೋಪಿನಲ್ಲಿ ಇಂಥ ಶೀಟಿಗೆ ಇಎನ್ 17033 ಎಂಬ ಮಾನದಂಡ 2018ರಿಂದ ಇದೆ. ನಮ್ಮಲ್ಲಿ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇಟ್ಟುಕೊಂಡಿರಬೇಕು, ತೋರಿಸಲು ಹೇಳಿ. ‘ಆಕ್ಸೊ’ ಅಂತ ಹೇಳುವ ಶೀಟು ಬೇಡವೇ ಬೇಡ. ಅದು ಕರಗಲ್ಲ, ಪುಡಿಪುಡಿಯಾಗಿ ಮಣ್ಣಲ್ಲಿ ಸೇರಿಕೊಳ್ಳುತ್ತದೆ, ಆಮೇಲೆ ಆರಿಸಲಿಕ್ಕೂ ಬರಲ್ಲ. ಹಿಪ್ಪುನೇರಳೆ ತೋಟ ಇರೋರಿಗೆ ಕತ್ತರಿಸಿದ ಕಡ್ಡಿ, ತೆಂಗು ಇರೋರಿಗೆ ಸಿಪ್ಪೆ ಗರಿ, ಇವೇ ಹೊದಿಕೆ. ಅವಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ಹಳೆ ಪೈಪು, ಶೀಟನ್ನು ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಕೊಡೋದನ್ನು ಮಾತ್ರ ಇವತ್ತಿನಿಂದಲೇ ಬಿಡಿ. ಪಿವಿಸಿ ಸುಟ್ಟರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ, ಜೊತೆಗೆ ಡಯಾಕ್ಸಿನ್. ಡಯಾಕ್ಸಿನ್ ಬೂದಿಯಲ್ಲಿ ಕೂತು, ಹುಲ್ಲಿಗೆ, ಹಸುವಿಗೆ, ಹಾಲಿಗೆ ಬರುತ್ತದೆ. ಕಾರ್ಖಾನೆಯವರು ಎಷ್ಟೇ ಹಸಿರಾಗಿ ಮಾಡಿ ಕಳಿಸಿದರೂ ನಾವು ಅರ್ಧ ಗಂಟೆಯಲ್ಲಿ ಅದನ್ನು ವಿಷ ಮಾಡಿಬಿಡಬಹುದು. ಮಣ್ಣು ಕೊಡವಿ, ಪೈಪು ಬೇರೆ ಶೀಟು ಬೇರೆ ಸುತ್ತಿಟ್ಟರೆ ಗುಜರಿಯವರು ತಗೊಳ್ತಾರೆ.

ಹರಳು ಹಾಕುವವರಿಗೆ ಇನ್ನೊಂದು ಮಾತು. ಹರಳು ಹಿಂಡಿಯಲ್ಲಿ ರಿಸಿನ್ ಎಂಬ ಕಡು ವಿಷ ಇರ್ತದೆ. ಎಣ್ಣೆಗೆ ಅದು ಬರಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಗಾಣದಿಂದ ತಂದ ಹಿಂಡಿಯನ್ನು ಕಡಲೆಕಾಯಿ ಹಿಂಡಿ ಪಕ್ಕ ಇಡಬೇಡಿ, ದನಕರುಗಳಿಗೆ ಹಾಕಬೇಡಿ, ನೇರವಾಗಿ ಗೊಬ್ಬರವಾಗಿ ಹೊಲಕ್ಕೆ ಹಾಕಿ ಮಣ್ಣು ಮುಚ್ಚಿ. ಮಕ್ಕಳು ಆಟ ಆಡುವ ಅಂಗಳದಲ್ಲಿ ಬೀಜ ಒಣಗಿಸಬೇಡಿ. ಚುಕ್ಕೆ ಚುಕ್ಕೆಯ ಬೀಜ ಚೆಂದ ಕಾಣುತ್ತದೆ, ಅಗಿದರೆ ಪ್ರಾಣಕ್ಕೆ ಅಪಾಯ. ಮಗು ಅಗಿದಿದೆ ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಭೇದಿ ಆಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಿಂದ ಬೀಜದ ಒಂದು ಮಾದರಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.